ಕಾಂಡದೊಳಗಿನ ನೀರು, ಆಹಾರ, ಆಧಾರ: ಮೂರನ್ನೂ ಕಣ್ಣಾರೆ ಕಾಣುವ ಸಮಗ್ರ ಮಾರ್ಗದರ್ಶಿ

ಬಣ್ಣದ ನೀರಿನಲ್ಲಿ ಗಿಡ ಇಟ್ಟು ಎರಡು ದಿನ ಕಾದರೂ ಎಲೆಗೆ ಬಣ್ಣ ಬರಲಿಲ್ಲ. ಕಾಂಡ ಕೊಯ್ದು ಮೈಕ್ರೋಸ್ಕೋಪಿಗೆ ಇಟ್ಟರೆ ಕಪ್ಪು ಮುದ್ದೆ ಬಿಟ್ಟು ಬೇರೇನೂ ಕಾಣಲಿಲ್ಲ. ಸಿರಿಂಜಿನಲ್ಲಿ ನೀರು ಒಂದು ಗೆರೆಯೂ ಇಳಿಯಲಿಲ್ಲ. ಈ ಮೂರು ದೂರುಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲಿ ತಪ್ಪಿತು ಎಂದು ಕೆದಕಿ ಕೇಳಿದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು: ಕೊಯ್ದ ಕಾಂಡದೊಳಕ್ಕೆ ಗಾಳಿ ನುಗ್ಗಿದೆ, ಇಲ್ಲವೇ ಬ್ಲೇಡ್ ಮೊಂಡಾಗಿದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿ ಮುಂದಕ್ಕೆ ಹೋದರೆ ಮತ್ತೆ ಹಿಂದಕ್ಕೇ ಬರಬೇಕಾಗುತ್ತದೆ.

## ಕೈ ಹಾಕುವ ಮೊದಲು: ಏನನ್ನು ಹುಡುಕುತ್ತಿದ್ದೇವೆ?

ಗಿಡದೊಳಗೆ ಎರಡು ಬಗೆಯ ಕೊಳವೆಗಳಿವೆ. ಬೇರಿನಿಂದ ನೀರು ಮತ್ತು ಲವಣಗಳನ್ನು ಮೇಲಕ್ಕೆ ಒಯ್ಯುವುದು ಕ್ಸೈಲಂ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇಕಾದ ಕಡೆಗೆ ಸಾಗಿಸುವುದು ಫ್ಲೋಯಂ. ಕ್ಸೈಲಂನ ನೀರ್ಗೊಳವೆಗಳು ಸತ್ತ ಕೋಶಗಳು. ಒಳಗೆ ಪೂರ್ತಿ ಟೊಳ್ಳು, ಗೋಡೆಗೆ ಲಿಗ್ನಿನ್ ಎಂಬ ಗಟ್ಟಿ ವಸ್ತುವಿನ ಲೇಪ. ಫ್ಲೋಯಂನ ಜರಡಿ ನಾಳಗಳು ಜೀವಂತ ಕೋಶಗಳು, ಗೋಡೆ ತೆಳು.

ಇನ್ನೊಂದು ಮಾತು ತಲೆಯಲ್ಲಿರಲಿ. ಕ್ಸೈಲಂನೊಳಗಿನ ನೀರನ್ನು ಮುಖ್ಯವಾಗಿ ಮೇಲೇರಿಸುವುದು ಕೆಳಗಿನ ತಳ್ಳುವಿಕೆಯಲ್ಲ, ಮೇಲಿನಿಂದ ಎಲೆಯ ಎಳೆತ. ಪತ್ರರಂಧ್ರಗಳಿಂದ ನೀರು ಆವಿಯಾದಂತೆ ಹಿಂದಿನ ನೀರು ಎಳೆ ಕಡಿಯದೆ ಮೇಲೇರುತ್ತದೆ. ಅಂದರೆ ಹಗಲಿನಲ್ಲಿ ಆ ನೀರಿನ ಎಳೆ ಜಗ್ಗಿ ಹಿಡಿದ ರಬ್ಬರ್‌ನಂತೆ ಬಿಗಿಯಾಗಿರುತ್ತದೆ. ಕತ್ತರಿ ಬಿದ್ದ ಕ್ಷಣ ಅದು ಒಳಕ್ಕೆ ಸರಿಯುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುತ್ತದೆ. ಮುಂದಿನ ಅರ್ಧ ಎಚ್ಚರಿಕೆಗಳು ಈ ಗಾಳಿಯ ಬಗ್ಗೆಯೇ.

## ಹಂತ 1: ಸಾಮಾನು ಜೋಡಿಸಿ

ಬೇಕಾದದ್ದು ಇಷ್ಟು: ಹೊಸ ಬ್ಲೇಡ್‌ಗಳು ನಾಲ್ಕೈದು, ಹರಿತವಾದ ಕತ್ತರಿ, ಅಗಲ ಬಾಯಿಯ ಬೋಗುಣಿ, ಗಾಜಿನ ಲೋಟಗಳು, ನೀರಿನಲ್ಲಿ ಕರಗುವ ಆಹಾರದ ಬಣ್ಣ (ಕೆಂಪು ಅಥವಾ ನೀಲಿ), ಮೆತ್ತನೆಯ ಬಣ್ಣದ ಕುಂಚ, ಸ್ಲೈಡ್, ಕವರ್‌ಸ್ಲಿಪ್, ಡ್ರಾಪರ್, ಸ್ಯಾಫ್ರನಿನ್ ದ್ರಾವಣ (ಕೊಯ್ದ ಚೂರುಗಳಿಗೆ ಹಚ್ಚುವ ಕೆಂಪು ಬಣ್ಣ), ಸ್ವಲ್ಪ ಗ್ಲಿಸರಿನ್, 1 ಮಿ.ಲೀ. ಸಿರಿಂಜ್, ಅದರ ಮೂತಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್ ಒಂದಡಿ, ವ್ಯಾಸಲೀನ್, ಸೂಜಿ, ಒಂದು ಕ್ಯಾರೆಟ್, ಒಂದು ಆಲೂಗಡ್ಡೆ, ಉಪ್ಪು. ಮೈಕ್ರೋಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 4, 5ನೇ ಹಂತಗಳಲ್ಲಿ ಭೂತಗನ್ನಡಿಯಿಂದ ಕಾಣುವಷ್ಟಕ್ಕೆ ತೃಪ್ತರಾಗಬೇಕು. ಉಳಿದವು ಬರಿಗಣ್ಣಿಗೇ ಕಾಣುತ್ತವೆ.

ಎರಡು ಕಡೆ ಬಾಯಿರುವ ಬ್ಲೇಡ್ ಬಳಸುವವರು ಒಂದು ಅಂಚಿಗೆ ದಪ್ಪ ಟೇಪ್ ಸುತ್ತಿಕೊಳ್ಳಿ. ಮಕ್ಕಳು ಮಾಡುವುದಾದರೆ ಬ್ಲೇಡ್ ಹಿಡಿಯುವ ಕೈ ದೊಡ್ಡವರದೇ ಆಗಿರಲಿ.

ಬಣ್ಣದ ವಿಷಯದಲ್ಲಿ ಆಗುವ ಎಡವಟ್ಟು: ಪೋಸ್ಟರ್ ಬಣ್ಣ, ಅರಿಶಿನದಂಥ ಪುಡಿ ಕಲಸಿದ ನೀರು. ಇವು ಕರಗುವುದಿಲ್ಲ, ಕಣಗಳಾಗಿ ತೇಲುತ್ತವೆ. ಕ್ಸೈಲಂ ನಾಳ ಬುಡದಿಂದ ತುದಿಯವರೆಗೆ ಒಂದೇ ಕೊಳವೆಯಲ್ಲ. ಒಂದು ನಾಳ ಮುಗಿದು ಇನ್ನೊಂದಕ್ಕೆ ನೀರು ದಾಟುವಲ್ಲಿ ಗೋಡೆಯ ಸಣ್ಣ ಕುಳಿಗಳಲ್ಲಿ ಬಹಳ ಸೂಕ್ಷ್ಮವಾದ ಪೊರೆ ಇರುತ್ತದೆ. ಕಣಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಪರೀಕ್ಷೆ ಸುಲಭ: ಬಣ್ಣದ ನೀರನ್ನು ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಗಸಿ ಕೂತರೆ ಆ ಬಣ್ಣ ಬೇಡ.

## ಹಂತ 2: ಸರಿಯಾದ ಗಿಡ ಆರಿಸಿ

ಬಣ್ಣ ಏರುವುದನ್ನು ನೋಡಲು ಕರ್ಣಕುಂಡಲದ ಕಾಂಡಕ್ಕೆ ಸಾಟಿಯಿಲ್ಲ. ರಸಭರಿತ, ಅರೆಪಾರದರ್ಶಕ, ಬಣ್ಣದ ಗೆರೆ ಹೊರಗಿನಿಂದಲೇ ಕಾಣುತ್ತದೆ. ಸೆಕ್ಷನ್ (ಕಾಂಡದ ತೆಳು ಅಡ್ಡಚೂರು) ಕೊಯ್ಯಲು ಎಳೆಯ ಸೂರ್ಯಕಾಂತಿ ಮತ್ತು ಎಳೆಯ ಮೆಕ್ಕೆಜೋಳ, ಎರಡೂ ಇರಲಿ. ಹೋಲಿಸಿ ನೋಡಿದಾಗಲೇ ಪಾಠ. ನೀರು ಅಳೆಯಲು ಪೆನ್ಸಿಲ್‌ಗಿಂತ ತೆಳುವಾದ, ಸ್ವಲ್ಪ ಗಟ್ಟಿಯಾದ, ಎಲೆ ತುಂಬಿದ ಪೊದೆಗಿಡದ ಕೊಂಬೆ.

ಬಳ್ಳಿ ಬೇಡ. ಮರಬಳ್ಳಿಗಳ ಕ್ಸೈಲಂ ನಾಳ ಅಗಲ, ಬಹಳ ಉದ್ದ. ಒಮ್ಮೆ ಗಾಳಿ ಹೊಕ್ಕರೆ ಮೀಟರ್‌ಗಟ್ಟಲೆ ಒಳಕ್ಕೆ ಹೋಗಬಹುದು. ಹಾಲು ಸುರಿಸುವ ಗಿಡಗಳೂ ಬೇಡ, ಹಾಲು ಹೆಪ್ಪುಗಟ್ಟಿ ಕೊಯ್ದ ಬಾಯಿಯನ್ನೇ ಮುಚ್ಚುತ್ತದೆ.

ಬೇರುಸಹಿತ ಗಿಡವನ್ನು ಬಣ್ಣದ ನೀರಿನಲ್ಲಿ ಇಟ್ಟು ಕಾಯುವವರು ಬಹಳ ಜನ. ನೀರು ಹೋಗುವುದು ಬೇರಿನಿಂದಲೇ ಅಲ್ಲವೇ ಎಂಬ ತರ್ಕ ಸರಿ, ಆದರೆ ಬೇರಿನೊಳಗೆ ಒಂದು ಕಾವಲು ಇದೆ. ನಾಳಗಳ ಸುತ್ತಲಿನ ಒಂದು ಸಾಲು ಕೋಶಗಳ ನಡುವೆ ನೀರು ನುಸುಳದಂತೆ ಮೇಣದಂಥ ಪಟ್ಟಿ ಇರುತ್ತದೆ. ಒಳಹೋಗುವುದೆಲ್ಲ ಜೀವಂತ ಕೋಶಪೊರೆಯನ್ನು ದಾಟಿಯೇ ಹೋಗಬೇಕು. ನೀರು ದಾಟುತ್ತದೆ, ಬಣ್ಣ ಬಹುಪಾಲು ಹೊರಗೇ ಉಳಿಯುತ್ತದೆ. ಹಾಗೆ ಇಟ್ಟ ಗಿಡಕ್ಕೆ ಚೆನ್ನಾಗಿ ಬಣ್ಣ ಏರಿತೆಂದರೆ ಕೀಳುವಾಗ ಬೇರು ಹರಿದಿದೆ ಎಂದೇ ಅನುಮಾನಿಸಿ.

## ಹಂತ 3: ನೀರಿನೊಳಗೇ ಕತ್ತರಿಸಿ, ಆಮೇಲೆ ಬಣ್ಣ

ಗಿಡಕ್ಕೆ ಹಿಂದಿನ ಸಂಜೆಯೇ ನೀರು ಹಾಕಿ. ಬೆಳಗ್ಗೆ ಬಿಸಿಲೇರುವ ಮೊದಲು ಕೊಂಬೆಯನ್ನು ಬೇಕಾದ್ದಕ್ಕಿಂತ ಒಂದು ಗೇಣು ಉದ್ದವಾಗಿಯೇ ಕತ್ತರಿಸಿ ತನ್ನಿ. ಆ ಹೊತ್ತಿನಲ್ಲಿ ನೀರಿನ ಎಳೆತ ಕಡಿಮೆ, ಒಳನುಗ್ಗುವ ಗಾಳಿಯೂ ಕಡಿಮೆ. ಕೊಂಬೆಯ ಬುಡವನ್ನು ತಕ್ಷಣ ಬೋಗುಣಿಯ ನೀರಿನಲ್ಲಿ ಮುಳುಗಿಸಿ. ಈಗ ನೀರಿನೊಳಗೇ, ಮೊದಲ ಗಾಯದಿಂದ ಒಂದು ಗೇಣು ಮೇಲಕ್ಕೆ ಮತ್ತೊಮ್ಮೆ ಓರೆಯಾಗಿ ಕತ್ತರಿಸಿ. ಗಾಳಿ ತುಂಬಿದ ತುಂಡು ಬಿದ್ದುಹೋಗುತ್ತದೆ, ಹೊಸ ಬಾಯಿಗೆ ನೀರೇ ಅಂಟಿಕೊಂಡಿರುತ್ತದೆ.

ಕತ್ತರಿ ಮೊಂಡಾಗಿದ್ದರೆ ಕಾಂಡ ಜಜ್ಜಿಹೋಗಿ ನಾಳಗಳ ಬಾಯಿ ಮುಚ್ಚುತ್ತದೆ. ಮೆತ್ತನೆಯ ಕಾಂಡಕ್ಕೆ ಬ್ಲೇಡೇ ಸರಿ.

ಬಣ್ಣ ಗಾಢವಾಗಿರಲಿ, ಲೋಟದ ಆಚೆ ಬದಿಯ ಬೆರಳು ಕಾಣದಷ್ಟು. ಕೊಂಬೆಯನ್ನು ಬೋಗುಣಿಯಿಂದ ಲೋಟಕ್ಕೆ ದಾಟಿಸುವಾಗ ಬುಡದಲ್ಲಿ ನೀರಿನ ಹನಿ ನೇತಾಡುತ್ತಲೇ ಇರಬೇಕು. ಹನಿ ಬಿದ್ದುಹೋದರೆ ನೀರಿನೊಳಗೆ ಮತ್ತೊಮ್ಮೆ ಒಂದು ಸೆಂ.ಮೀ. ಕತ್ತರಿಸಿ. ಲೋಟವನ್ನು ಬೆಳಕು, ಗಾಳಿ ಇರುವ ಜಾಗದಲ್ಲಿಡಿ. ಕತ್ತಲೆಯ ಮೂಲೆಯಲ್ಲಿಟ್ಟರೆ ಪತ್ರರಂಧ್ರ ಮುಚ್ಚಿಕೊಳ್ಳುತ್ತವೆ, ಎಳೆಯುವವರೇ ಇಲ್ಲದಂತಾಗುತ್ತದೆ.

ಇಪ್ಪತ್ತು ನಿಮಿಷಕ್ಕೆ ಕೊಂಬೆಯನ್ನು ತೆಗೆದು ಬುಡವನ್ನು ಒರೆಸಿ. ಈಗ ಕೊಯ್ಯುವ ದಿಕ್ಕು ಮುಖ್ಯ: ತುದಿಯಿಂದ ಬುಡಕ್ಕೆ ಬನ್ನಿ, ಒಂದೊಂದು ಸೆಂ.ಮೀ.ಗೂ ಒಂದು ಕೊಯ್ತ, ಪ್ರತಿ ಸಲ ಬ್ಲೇಡ್ ಒರೆಸಿಕೊಳ್ಳಿ. ಬುಡದಿಂದ ಆರಂಭಿಸಿದರೆ ಬ್ಲೇಡೇ ಬಣ್ಣವನ್ನು ಮೇಲಕ್ಕೆ ಬಳಿದುಕೊಂಡು ಹೋಗುತ್ತದೆ, ಎಲ್ಲ ತುಂಡೂ ಕೆಂಪಾಗಿ ಕಾಣುತ್ತವೆ. ಮೊದಲ ಬಣ್ಣದ ಚುಕ್ಕೆ ಸಿಕ್ಕ ಎತ್ತರವನ್ನು ಬರೆದಿಡಿ. 20 ನಿಮಿಷಕ್ಕೆ 18 ಸೆಂ.ಮೀ. ಎಂದಾದರೆ ಗಂಟೆಗೆ 54 ಸೆಂ.ಮೀ. ಬಣ್ಣ ಗೋಡೆಗೆ ಅಂಟುತ್ತ ಹೋಗುವುದರಿಂದ ನೀರಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ; ನೀರಿನ ನಿಜವಾದ ವೇಗ ಇದಕ್ಕಿಂತ ಹೆಚ್ಚೇ.

ಎಚ್ಚರಿಕೆಯ ಗುರುತುಗಳು: ಅಡ್ಡ ಕೊಯ್ದ ಮುಖದಲ್ಲಿ ಬಣ್ಣ ಬಿಡಿ ಚುಕ್ಕೆಗಳಾಗಿ ಕಂಡರೆ ಸರಿ. ಇಡೀ ಮುಖ ಬಣ್ಣವಾಗಿದ್ದರೆ ಬಹಳ ಹೊತ್ತು ಇಟ್ಟಿದ್ದೀರಿ, ಅಥವಾ ಕಾಂಡ ಜಜ್ಜಿದೆ. ಹೊರಸಿಪ್ಪೆಗೆ ಮಾತ್ರ ಬಣ್ಣವಿದ್ದರೆ ಅದು ಹೊರಗಿನಿಂದ ಮೆತ್ತಿದ್ದು. ಕೊಂಬೆಯೇ ಬಾಡಿ ಬಿದ್ದಿದ್ದರೆ ಒಳಗೆ ಗಾಳಿ.

## ಹಂತ 4: ತೆಳು ಸೆಕ್ಷನ್ ಕೊಯ್ಯುವುದು

ಹೆಚ್ಚಿನವರು ಕೈಚೆಲ್ಲುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಎರಡು ಸೆಂ.ಮೀ. ಉದ್ದದ, ಗೆಣ್ಣಿಲ್ಲದ ಕಾಂಡದ ತುಂಡು ತೆಗೆದುಕೊಳ್ಳಿ. ಗೆಣ್ಣಿನಲ್ಲಿ ನಾಳಗಳು ಎಲೆಗೆ ತಿರುಗಿಕೊಂಡಿರುತ್ತವೆ, ಅಲ್ಲಿ ಕೊಯ್ದರೆ ಏನೂ ಅರ್ಥವಾಗುವುದಿಲ್ಲ. ಕಾಂಡ ತೀರ ಸಣ್ಣದಾಗಿದ್ದರೆ ಕ್ಯಾರೆಟ್ ತುಂಡಿಗೆ ಉದ್ದಕ್ಕೆ ಸೀಳು ಹಾಕಿ ಅದರೊಳಗೆ ಸಿಕ್ಕಿಸಿ. ಎರಡನ್ನೂ ಕೂಡಿಸಿ ಕೊಯ್ಯಿರಿ.

ತುಂಡನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ನೆಟ್ಟಗೆ ಹಿಡಿಯಿರಿ. ಹೆಬ್ಬೆರಳು ತುಂಡಿನ ಮೇಲ್ಮುಖಕ್ಕಿಂತ ಸಾಕಷ್ಟು ಕೆಳಗಿರಲಿ, ಇಲ್ಲದಿದ್ದರೆ ಬ್ಲೇಡ್ ಮೊದಲು ರುಚಿ ನೋಡುವುದು ಅದನ್ನೇ. ಬ್ಲೇಡನ್ನೂ ತುಂಡಿನ ತಲೆಯನ್ನೂ ನೀರಿನಿಂದ ಒದ್ದೆ ಮಾಡಿ. ಬ್ಲೇಡ್ ನೆಲಕ್ಕೆ ಸಮನಾಗಿರಲಿ, ಬಾಯಿ ನಿಮ್ಮ ಕಡೆಗೆ. ಈಗ ಒತ್ತಬೇಡಿ. ಪಿಟೀಲಿನ ಕಮಾನು ಎಳೆದಂತೆ ಬ್ಲೇಡನ್ನು ಓರೆಯಾಗಿ, ಒಂದೇ ಎಳೆತದಲ್ಲಿ, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಜಾರಿಸಿ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಮೆಟ್ಟಿಲು ಮೆಟ್ಟಿಲಾದ ದಪ್ಪ ಚೂರು ಬರುತ್ತದೆ.

ಮೊದಲ ಎರಡು ಮೂರು ಚೂರು ಎಸೆಯುವುದಕ್ಕೇ. ಆಮೇಲೆ ಎಣಿಸದೆ ಇಪ್ಪತ್ತು ಮೂವತ್ತು ಕೊಯ್ಯಿರಿ, ಕುಂಚದಿಂದ ನೀರಿನ ತಟ್ಟೆಗೆ ಬಿಡಿ. ಬೆರಳಿನಿಂದ ಎತ್ತಬೇಡಿ, ಹರಿದುಹೋಗುತ್ತದೆ. ತಟ್ಟೆಯಡಿ ಅಕ್ಷರವಿರುವ ಕಾಗದ ಇಡಿ: ಯಾವ ಚೂರಿನ ಮೂಲಕ ಅಕ್ಷರ ಓದಲಾಗುತ್ತದೋ ಅದು ಕೆಲಸಕ್ಕೆ ಬರುತ್ತದೆ. ಪೂರ್ತಿ ವೃತ್ತವೇ ಬೇಕೆಂಬ ಹಟ ಬಿಡಿ. ಒಂದು ಅಂಚು ತೆಳುವಾದ ಅರ್ಧಚಂದ್ರ, ದಪ್ಪನೆಯ ಪೂರ್ಣಚಂದ್ರಕ್ಕಿಂತ ಎಷ್ಟೋ ಮೇಲು.

ಹತ್ತು ಕೊಯ್ತಕ್ಕೊಮ್ಮೆ ಬ್ಲೇಡಿನ ಜಾಗ ಬದಲಿಸಿ. ಅಂಚು ಹರಿದ, ನಡುವೆ ಕುಸಿದ ಚೂರುಗಳು ಬರತೊಡಗಿದರೆ ದೋಷ ನಿಮ್ಮ ಕೈಯದಲ್ಲ, ಬ್ಲೇಡಿನದು.

## ಹಂತ 5: ಬಣ್ಣ ಹಚ್ಚಿ, ಓದಿ

1. ತೆಳು ಚೂರುಗಳನ್ನು ಸ್ಯಾಫ್ರನಿನ್‌ನಲ್ಲಿ ಎರಡರಿಂದ ಐದು ನಿಮಿಷ ಬಿಡಿ.
2. ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸುತ್ತ ತೊಳೆಯಿರಿ. ಈ ತೊಳೆಯುವಿಕೆಯನ್ನು ಅವಸರದಲ್ಲಿ ಮುಗಿಸಿದರೆ ಎಲ್ಲವೂ ಕೆಂಪು.
3. ಸ್ಲೈಡ್ ಮೇಲೆ ನೀರು ಬೆರೆಸಿದ ಗ್ಲಿಸರಿನ್‌ನ ಒಂದು ಹನಿ, ಅದರಲ್ಲಿ ಚೂರು.
4. ಕವರ್‌ಸ್ಲಿಪ್‌ನ ಒಂದು ಅಂಚನ್ನು ಮೊದಲು ತಾಗಿಸಿ, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಿ.
5. ಕಡಿಮೆ ವರ್ಧನೆಯಲ್ಲಿ ಹುಡುಕಿ, ಆಮೇಲೆ ಹೆಚ್ಚಿಸಿ.

ನಾಲ್ಕನೆಯದನ್ನು ದಢಕ್ಕನೆ ಮಾಡಿದರೆ ಗಾಳಿಗುಳ್ಳೆ ಸೇರುತ್ತದೆ. ಗಾಳಿಗುಳ್ಳೆ ಎಂದರೆ ದಪ್ಪ ಕಪ್ಪು ಅಂಚಿನ, ನುಣುಪಾದ, ಅಚ್ಚುಕಟ್ಟಾದ ವೃತ್ತ. ಅದನ್ನೇ ಬರೆದು ‘ಕ್ಸೈಲಂ ನಾಳ’ ಎಂದು ಬಾಣ ಹಾಕಿದ ಚಿತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಜವಾದ ನಾಳ ಅಷ್ಟು ಚಂದದ ವೃತ್ತವಾಗಿರುವುದಿಲ್ಲ. ಸುತ್ತಲಿನ ಕೋಶಗಳಿಗೆ ಅಂಟಿಕೊಂಡು ಸ್ವಲ್ಪ ಕೋನಕೋನವಾಗಿರುತ್ತದೆ, ಗೋಡೆ ಕೆಂಪಾಗಿರುತ್ತದೆ. ಅನುಮಾನವಿದ್ದರೆ ಕವರ್‌ಸ್ಲಿಪ್ ಮೇಲೆ ಸೂಜಿಯಿಂದ ಮೆತ್ತಗೆ ತಟ್ಟಿ. ಓಡಿದರೆ ಗುಳ್ಳೆ.

ಸ್ಯಾಫ್ರನಿನ್ ಲಿಗ್ನಿನ್ ಇರುವ ಗೋಡೆಗಳನ್ನು ಗಾಢ ಕೆಂಪಾಗಿಸುತ್ತದೆ. ಸೂರ್ಯಕಾಂತಿಯಲ್ಲಿ ನಾಳಗಳ ಕಟ್ಟುಗಳು ಉಂಗುರದಲ್ಲಿ ಸಾಲುಗಟ್ಟಿರುತ್ತವೆ. ಒಂದು ಕಟ್ಟನ್ನು ಹೊರಗಿನಿಂದ ಒಳಕ್ಕೆ ಓದಿ: ಮೊದಲು ಕೆಂಪು ಟೊಪ್ಪಿಗೆ (ನಾರುಕೋಶಗಳು), ಒಳಗೆ ಮತ್ತೆ ಕೆಂಪು (ಕ್ಸೈಲಂ). ಆ ಎರಡು ಕೆಂಪುಗಳ ನಡುವೆ ಸಣ್ಣ ಸಣ್ಣ ಕೋಶಗಳ ಮಾಸಲು ತೇಪೆಯೇ ಫ್ಲೋಯಂ. ಫ್ಲೋಯಂ ಕಾಣಲಿಲ್ಲ ಎನ್ನುವವರು ಬಣ್ಣದ ಜಾಗ ಹುಡುಕುತ್ತಿರುತ್ತಾರೆ. ಹುಡುಕಬೇಕಾದದ್ದು ಬಣ್ಣ ಹಿಡಿಯದ ಜಾಗವನ್ನು.

ಮೆಕ್ಕೆಜೋಳದಲ್ಲಿ ಉಂಗುರವಿಲ್ಲ, ಕಟ್ಟುಗಳು ಚೆಲ್ಲಾಪಿಲ್ಲಿ. ಒಂದೊಂದೂ ಕೋತಿಯ ಮುಖದ ಹಾಗೆ: ಎರಡು ದೊಡ್ಡ ನಾಳಗಳು ಕಣ್ಣು, ಒಳಗಡೆಯ ಪೊಳ್ಳು ಬಾಯಿ, ಹೊರಗಡೆಯ ಹಣೆಯೇ ಫ್ಲೋಯಂ. ಬೇರನ್ನೂ ಕೊಯ್ದು ನೋಡಿದರೆ ಕ್ಸೈಲಂ ಮಧ್ಯಕ್ಕೆ ಬಂದು ಕೂತಿರುವುದು ಕಾಣುತ್ತದೆ. ಗಾಳಿಗೆ ಬಾಗುವ ಕಾಂಡಕ್ಕೆ ಗಟ್ಟಿ ಭಾಗ ಹೊರಸುತ್ತಿನಲ್ಲಿದ್ದರೆ ಬಲ. ಎಳೆತಕ್ಕೆ ಸಿಕ್ಕುವ ಬೇರಿಗೆ ನಡುವಿನಲ್ಲೊಂದು ಹಗ್ಗದಂತಿದ್ದರೆ ಬಲ.

## ಹಂತ 6: ಎಲೆ ಎಷ್ಟು ನೀರು ಎಳೆಯುತ್ತದೆ, ಅಳೆಯಿರಿ

ಸಿರಿಂಜಿನ ಒಳದಂಡ ತೆಗೆದುಬಿಡಿ. ಮೂತಿಗೆ ಟ್ಯೂಬ್ ಸಿಕ್ಕಿಸಿ. ಎರಡನ್ನೂ ಬೋಗುಣಿಯ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಟ್ಟಿ ತಟ್ಟಿ ಒಳಗಿನ ಗುಳ್ಳೆಗಳನ್ನೆಲ್ಲ ಹೊರಡಿಸಿ. ಮೂರನೇ ಹಂತದಂತೆ ನೀರಿನೊಳಗೆ ಕತ್ತರಿಸಿದ ಕೊಂಬೆಯ ಬುಡವನ್ನು, ಇನ್ನೂ ನೀರಿನೊಳಗಿರುವಾಗಲೇ, ಟ್ಯೂಬಿನ ಇನ್ನೊಂದು ತುದಿಗೆ ತಿರುಗಿಸುತ್ತ ತೂರಿಸಿ. ಎಲೆಗಳು ನೀರಿನ ಹೊರಗೇ ಇರಲಿ. ಕೊಂಬೆ ಟ್ಯೂಬಿನ ಒಳವ್ಯಾಸಕ್ಕಿಂತ ಕೂದಲೆಳೆಯಷ್ಟು ದಪ್ಪವಿದ್ದರೆ ಬಿಗಿಯಾಗಿ ಕೂರುತ್ತದೆ.

ಈಗ ಎತ್ತಿ, ಟ್ಯೂಬ್ ‘U’ ಆಕಾರದಲ್ಲಿ ನಿಲ್ಲುವಂತೆ ಒಂದು ಕಡೆ ಕೊಂಬೆ, ಇನ್ನೊಂದು ಕಡೆ ಬಾಯಿ ಮೇಲಾದ ಸಿರಿಂಜ್ ಕಟ್ಟಿ. ಸಿರಿಂಜಿನ ನೀರಿನ ಮಟ್ಟ ಮತ್ತು ಕೊಂಬೆಯ ಬುಡ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ. ಕೊಂಬೆಯೂ ಟ್ಯೂಬೂ ಕೂಡುವ ಬೆಸುಗೆಯ ಹೊರಭಾಗ ಒರೆಸಿ ಒಣಗಿಸಿದ ಮೇಲೆ ವ್ಯಾಸಲೀನ್ ಬಳಿಯಿರಿ. ಮೊದಲೇ ಬಳಿದರೆ ಕೊಯ್ದ ಬಾಯಿಗೂ ಮೆತ್ತಿ ನಾಳಗಳೇ ಮುಚ್ಚುತ್ತವೆ. ಎಲೆಗಳ ಮೇಲಿನ ನೀರು ಒರೆಸಿ. ಒದ್ದೆ ಎಲೆ ನೀರು ಬಿಡುವುದು ಕಡಿಮೆ. ಕಾಲು ಗಂಟೆ ಸುಮ್ಮನೆ ಬಿಟ್ಟು ಆಮೇಲೆ ಓದಲು ಆರಂಭಿಸಿ.

ಸಿರಿಂಜಿನ ಒಂದು ಸಣ್ಣ ಗೆರೆ 0.01 ಮಿ.ಲೀ. ಹತ್ತು ನಿಮಿಷಕ್ಕೆ ಆರು ಗೆರೆ ಇಳಿದರೆ ಗಂಟೆಗೆ 0.36 ಮಿ.ಲೀ. ಮೊದಲು ನೆರಳಿನಲ್ಲಿ, ಆಮೇಲೆ ಬೆಳಕಿನಲ್ಲಿ, ಆಮೇಲೆ ಫ್ಯಾನಿನ ಮುಂದೆ. ಕೊನೆಗೆ ಎಲ್ಲ ಎಲೆಗಳ ಅಡಿಭಾಗಕ್ಕೆ ವ್ಯಾಸಲೀನ್ ಬಳಿದು ನೋಡಿ. ಬಹಳಷ್ಟು ಗಿಡಗಳಲ್ಲಿ ಪತ್ರರಂಧ್ರ ಹೆಚ್ಚಾಗಿರುವುದು ಅಲ್ಲೇ, ಇಳಿತ ಥಟ್ಟನೆ ಕುಗ್ಗುತ್ತದೆ. ಈ ಕ್ರಮ ತಿರುವುಮುರುವು ಮಾಡಬೇಡಿ, ಬಳಿದ ವ್ಯಾಸಲೀನ್ ಪೂರ್ತಿ ಒರೆಸಲಾಗುವುದಿಲ್ಲ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋದಾಗಲೂ ಹತ್ತು ನಿಮಿಷ ಬಿಡುವು ಕೊಡಿ.

ಒಮ್ಮೆ ನನ್ನ ಸಿರಿಂಜಿನಲ್ಲಿ ನೀರು ಇಳಿಯುವ ಬದಲು ಮೇಲೇರಿತು. ಗಿಡವೇ ನೀರು ವಾಪಸು ಕೊಡುತ್ತಿದೆಯೇ ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಮಾಡಿದ್ದಿಷ್ಟೇ: ಟ್ಯೂಬನ್ನು ಕೈಯಲ್ಲೇ ಹಿಡಿದಿದ್ದೆ, ಒಳಗೆ ಉಳಿದಿದ್ದ ಒಂದು ಗಾಳಿಗುಳ್ಳೆ ಅಂಗೈಯ ಬಿಸಿಗೆ ಹಿಗ್ಗುತ್ತಿತ್ತು. ಆಮೇಲೆ ಏನನ್ನೇ ಆಗಲಿ ಕಟ್ಟಿ ನಿಲ್ಲಿಸದೆ ಓದಿಲ್ಲ.

ಮಟ್ಟ ಬಿಟ್ಟು ಬಿಟ್ಟು ಜಿಗಿದು ಇಳಿದರೆ, ಅಥವಾ ಕೊಂಬೆ ತೆಗೆದು ಅಷ್ಟೇ ದಪ್ಪದ ಗಾಜಿನ ಕಡ್ಡಿ ತೂರಿಸಿದ ಮೇಲೂ ಅದೇ ವೇಗದಲ್ಲಿ ಇಳಿಯುತ್ತಿದ್ದರೆ, ಬೆಸುಗೆ ಸೋರುತ್ತಿದೆ. ಇಳಿಯುವುದೇ ಇಲ್ಲವೆಂದರೆ ಬುಡದಲ್ಲಿ ಗಾಳಿ. ನೀವು ಅಳೆಯುತ್ತಿರುವುದು ಕೊಂಬೆ ಹೀರಿದ ನೀರು. ಹೀರಿದ್ದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಆವಿಯಾಗಿಯೇ ಹೋಗುವುದರಿಂದ ಬಾಷ್ಪವಿಸರ್ಜನೆಗೆ ಇದನ್ನೇ ಲೆಕ್ಕ ಹಿಡಿಯಬಹುದು. ಬಾಡಿದ ಕೊಂಬೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅದು ಮೊದಲು ತನ್ನ ದಾಹ ತೀರಿಸಿಕೊಳ್ಳುತ್ತದೆ.

ಬಾಯಿಂದ ಸ್ಟ್ರಾದಲ್ಲಿ ಹೀರಿದ ಹಾಗೆ ಎಂದು ಇದನ್ನು ವಿವರಿಸುವುದುಂಟು. ಆ ಹೋಲಿಕೆ ಹೆಚ್ಚು ದೂರ ಬರುವುದಿಲ್ಲ. ಹೀರುವುದರಿಂದ ನೀರು ಸುಮಾರು 10 ಮೀಟರ್ ದಾಟಿ ಏರದು, ವಾಯುಭಾರದ ಮಿತಿ ಅಷ್ಟೇ. ಅತಿ ಎತ್ತರದ ರೆಡ್‌ವುಡ್ ಮರ 115 ಮೀಟರ್ ಮೀರಿದೆ. ಅಲ್ಲಿ ಕೆಲಸ ಮಾಡುವುದು ನೀರಿನ ಅಣುಗಳು ಒಂದಕ್ಕೊಂದು ಬಿಡದೆ ಅಂಟಿಕೊಳ್ಳುವ ಗುಣ.

## ಹಂತ 7: ತೊಗಟೆಯುಂಗುರ ತೆಗೆದು ಆಹಾರದ ದಾರಿ ಹಿಡಿಯಿರಿ

ಫ್ಲೋಯಂಗೆ ಬಣ್ಣದ ಆಟ ನಡೆಯದು, ಅದರ ಜರಡಿ ನಾಳಗಳು ಕೊಯ್ದ ಕೂಡಲೇ ತಮ್ಮನ್ನು ತಾವೇ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ದಾರಿ ಕಡಿದು, ಎಲ್ಲಿ ದಟ್ಟಣೆಯಾಗುತ್ತದೆ ಎಂದು ನೋಡಬೇಕು.

ಗಟ್ಟಿ ಕಾಂಡದ, ದ್ವಿದಳ ಜಾತಿಯ ಗಿಡದಲ್ಲಿ ಪೆನ್ಸಿಲ್ ದಪ್ಪದ ಒಂದು ಪಕ್ಕದ ಕೊಂಬೆ ಆರಿಸಿ. ಎರಡು ಸೆಂ.ಮೀ. ಅಂತರದಲ್ಲಿ ಎರಡು ಸುತ್ತುಗೀರು ಹಾಕಿ ನಡುವಿನ ತೊಗಟೆ ಸುಲಿಯಿರಿ, ಫ್ಲೋಯಂ ಅದರ ಜೊತೆಗೇ ಹೋಗುತ್ತದೆ. ಕೆಳಗೆ ಕಾಣುವ ಜಾರುಜಾರಾದ ಪದರವನ್ನು ಬ್ಲೇಡಿನ ಬೆನ್ನಿನಿಂದ ಹೆರೆಯಿರಿ. ಗೂಟಿ ಕಟ್ಟಿದವರಿಗೆ ಈ ಕೆಲಸ ಹೊಸದಲ್ಲ. ಉಂಗುರದ ಮೇಲ್ಗಡೆ ಎಲೆಗಳು ಇರಲೇಬೇಕು.

ಮೂರರಿಂದ ಆರು ವಾರದಲ್ಲಿ ಉಂಗುರದ ಮೇಲಂಚು ಉಬ್ಬುತ್ತದೆ, ಕೆಳಗಂಚು ಹಾಗೆಯೇ ಇರುತ್ತದೆ. ಎಲೆ ಹಸಿರಾಗಿಯೇ ಇರುತ್ತದೆ, ಏಕೆಂದರೆ ಕ್ಸೈಲಂ ಒಳಗಿನ ಕಟ್ಟಿಗೆಯಲ್ಲಿ ಸುರಕ್ಷಿತವಾಗಿದೆ. ಎರಡು ಮೂರು ದಿನದಲ್ಲೇ ಎಲೆ ಬಾಡಿದರೆ ಗೀರು ಕಟ್ಟಿಗೆಗೂ ಇಳಿದಿದೆ. ಉಬ್ಬು ಬಾರದೆ ಗಾಯವೇ ಮುಚ್ಚಿಕೊಂಡರೆ ಹೆರೆದದ್ದು ಸಾಲದು. ಮುಖ್ಯ ಕಾಂಡಕ್ಕೆ ಈ ಪ್ರಯೋಗ ಎಂದಿಗೂ ಬೇಡ: ಬೇರಿಗೆ ಸಕ್ಕರೆ ನಿಂತು ಮರವೇ ಸಾಯುತ್ತದೆ. ಬಾಳೆ, ತೆಂಗು, ಮೆಕ್ಕೆಜೋಳಗಳಲ್ಲಿ ನಡೆಯುವುದೂ ಇಲ್ಲ. ಕಾರಣ ಐದನೇ ಹಂತದ ಸ್ಲೈಡಿನಲ್ಲೇ ಇದೆ, ಅಲ್ಲಿ ಫ್ಲೋಯಂ ಕಾಂಡದ ತುಂಬ ಚದುರಿದೆ.

‘ಕ್ಸೈಲಂ ಮೇಲಕ್ಕೆ, ಫ್ಲೋಯಂ ಕೆಳಕ್ಕೆ’ ಎಂದು ಬರೆದುಬಿಡಬೇಡಿ. ಫ್ಲೋಯಂ ಹರಿಯುವುದು ಸಕ್ಕರೆ ಹೆಚ್ಚಿರುವಲ್ಲಿಂದ ಬೇಕಿರುವಲ್ಲಿಗೆ. ಗೆಡ್ಡೆ ಚಿಗುರುವಾಗ, ತುದಿಯ ಕಾಯಿ ಬಲಿಯುವಾಗ ಅದೇ ಸಕ್ಕರೆ ಮೇಲಕ್ಕೆ ಹೋಗುತ್ತದೆ.

## ಹಂತ 8: ಗಿಡ ನಿಲ್ಲುವುದು ಯಾವುದರ ಮೇಲೆ?

ಆಲೂಗಡ್ಡೆಯಿಂದ ಬೆರಳುದ್ದದ, ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ. ಒಂದು ಬರಿನೀರಿಗೆ, ಇನ್ನೊಂದು 200 ಮಿ.ಲೀ. ನೀರಿಗೆ ದೊಡ್ಡ ಚಮಚ ಉಪ್ಪು ಹಾಕಿದ್ದಕ್ಕೆ. ಒಂದೆರಡು ಗಂಟೆಯಲ್ಲಿ ಮೊದಲನೆಯದು ಸೆಟೆದು ನಿಂತರೆ ಎರಡನೆಯದು ಬಟ್ಟೆಯ ಹಾಗೆ ಜೋತುಬೀಳುತ್ತದೆ. ಉಪ್ಪು ಕೋಶಗಳ ನೀರನ್ನು ಹೊರಕ್ಕೆಳೆದಿದೆ. ಎಳೆಯ ದಂಟು, ಎಲೆ, ಹೂವು ನಿಂತಿರುವುದು ಬಹುಮಟ್ಟಿಗೆ ಈ ಒಳಗಿನ ನೀರಿನ ಒತ್ತಡದ ಮೇಲೆಯೇ. ಗಾಳಿ ತುಂಬಿದ ಟೈರಿನಂತೆ.

ಈಗ ಕೊನೆಯ ಕೆಲಸ. ಒಂದೇ ಕೊಂಬೆಯನ್ನು ನೀರಿಲ್ಲದೆ ಮೇಜಿನ ಮೇಲೆ ಬಾಡಲು ಬಿಡಿ. ತುದಿ ಜೋತುಬಿದ್ದಿರುತ್ತದೆ, ಬುಡ ನೆಟ್ಟಗೇ ಇರುತ್ತದೆ. ಆ ಕೊಂಬೆಯ ತುದಿ, ನಡು, ಬುಡ ಮೂರೂ ಕಡೆಯಿಂದ ಸೆಕ್ಷನ್ ಕೊಯ್ದು ಒಂದೇ ಹೊತ್ತು ಸ್ಯಾಫ್ರನಿನ್‌ನಲ್ಲಿಟ್ಟು ಒಂದೇ ಸ್ಲೈಡಿನಲ್ಲಿ ಸಾಲಾಗಿ ಜೋಡಿಸಿ. ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ, ನಡುವಿನಲ್ಲಿ ತುಂಡುತುಂಡು ಉಂಗುರ, ಬುಡದಲ್ಲಿ ದಪ್ಪನೆಯ ಕೆಂಪು ಬಳೆ. ನೀರು ಸಾಗಿಸುವ ಕೊಳವೆಯೇ ಗಿಡದ ಬೆನ್ನೆಲುಬೂ ಹೌದು ಎಂಬುದಕ್ಕೆ ಬೇರೆ ಚಿತ್ರ ಬೇಕಿಲ್ಲ.

ಬುಡದ ಸೆಕ್ಷನ್ ಕೊಯ್ಯುವಾಗ ಬ್ಲೇಡ್ ತಡೆಯುತ್ತದೆ, ಕೆಲವೊಮ್ಮೆ ಜಾರುತ್ತದೆ. ನಿಮ್ಮ ಬೆರಳಿಗೆ ತಾಗುತ್ತಿರುವುದು ಲಿಗ್ನಿನ್. ಬಲ ಹಾಕಬೇಡಿ, ಹೊಸ ಬ್ಲೇಡ್ ತೆಗೆದುಕೊಳ್ಳಿ. ಹಳೆಯದನ್ನು ಟೇಪಿನಲ್ಲಿ ಸುತ್ತಿ ಎಸೆಯಿರಿ.